ಮಗುವಿನ ಮಾತನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದೇ?

ಕಳೆದ ದಸರಾ ರಜೆಯಲ್ಲಿ ನಮ್ಮ ಶಾಲೆಯ ಮೂರನೇ ತರಗತಿಯ ಹುಡುಗನೊಬ್ಬ ಎರಡು ರಾತ್ರಿ ನಿದ್ದೆ ಮಾಡದೆ ಅತ್ತ. ಹೊಟ್ಟೆನೋವಿರಬೇಕು ಅಂತ ಅಜ್ಜಿ ಓಮಿನ ಕಷಾಯ ಕುಡಿಸಿದರು. ದೃಷ್ಟಿಯಾಗಿದೆ ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೂರನೇ ದಿನ ಆಸ್ಪತ್ರೆಗೆ ಎತ್ತಿಕೊಂಡು ಹೋದಾಗ ಗೊತ್ತಾಯಿತು, ಕಿವಿಯೊಳಗೆ ಕೀವು ತುಂಬಿತ್ತು.

ಅವನಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟಿದಾಗಿನಿಂದಲೂ ಕೈಕಾಲು, ತುಟಿ, ನಾಲಿಗೆ ಹೇಳಿದ ಹಾಗೆ ಕೇಳುವುದಿಲ್ಲ. ಬಾಯಿಂದ ಶಬ್ದ ಬರುತ್ತದೆ, ಮಾತು ಹೊರಡಲ್ಲ. ಆದರೆ 'ಕಿವಿ', 'ನೋವು' ಎಂಬ ಎರಡು ಮಾತು ಅವನಿಗೆ ಜುಲೈ ತಿಂಗಳಿಂದಲೇ ಬರುತ್ತಿತ್ತು. ಟ್ಯಾಬ್‌ನಲ್ಲಿ ಮೈಕೈ ಚಿತ್ರಗಳ ಪುಟ ತೆರೆದು ಬಟನ್ ಒತ್ತಿದರೆ ಅದು ಗಟ್ಟಿಯಾಗಿ ಹೇಳುತ್ತಿತ್ತು. ರಜೆಯ ಆ ಎರಡು ರಾತ್ರಿ ಆ ಟ್ಯಾಬ್ ಶಾಲೆಯ ಆಫೀಸ್ ರೂಮಿನ ಕಬ್ಬಿಣದ ಬೀರುವಿನಲ್ಲಿತ್ತು. ಬೀಗ ಹಾಕಿದವಳು ನಾನೇ.

ನಾನು ಆಲೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಿಶೇಷ ಶಿಕ್ಷಣದ ಪದವಿ ನನಗಿಲ್ಲ. ಮಾತು ಬಾರದ ಮಗುವಿನ ಜೊತೆ ಎರಡು ವರ್ಷ ಒದ್ದಾಡಿ ಕಲಿತದ್ದನ್ನು, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. 'ಅಂಗವಿಕಲ ಮಕ್ಕಳಿಗೆ ಟ್ಯಾಬ್ ವಿತರಣೆ' ಎಂಬ ಸುದ್ದಿಯನ್ನು ನೀವೂ ಫೋಟೋ ಸಮೇತ ನೋಡಿರುತ್ತೀರಿ. ಆ ಫೋಟೋ ಆದ ಮೇಲೆ ಟ್ಯಾಬ್ ಎಲ್ಲಿ ಹೋಗುತ್ತದೆ ಅನ್ನುವುದೇ ಈ ಲೇಖನದ ವಿಷಯ.

ಮಾತು ಬರಲ್ಲ ಅಂದ್ರೆ ತಿಳಿಯಲ್ಲ ಅಂತಲ್ಲ

ಅವನನ್ನು ಒಂದನೇ ತರಗತಿಗೆ ಸೇರಿಸಲು ಬಂದಾಗ ಅಮ್ಮ ಹೇಳಿದ್ದು ಇಷ್ಟೇ: "ಇವನಿಗೆ ಏನೂ ಬರಲ್ಲ ಮಿಸ್. ಸುಮ್ನೆ ಕೂರಿಸ್ಕೊಳಿ. ನಾನು ತೋಟಕ್ಕೆ ಹೋಗ್ಬೇಕು." ಆಕೆ ಕಾಫಿ ತೋಟದ ಕೂಲಿ. ನಾವೂ ಒಂದು ವರ್ಷ ಸುಮ್ಮನೆ ಕೂರಿಸಿಕೊಂಡೆವು. ಹಾಜರಿ ಹಾಕಿದೆವು, ಬಿಸಿಯೂಟ ಕೊಟ್ಟೆವು.

ಒಂದು ದಿನ ನಾನು ಬೋರ್ಡಿನ ಮೇಲೆ ಲೆಕ್ಕವೊಂದನ್ನು ತಪ್ಪು ಮಾಡಿದೆ. ಇಡೀ ತರಗತಿ ಅದನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡಿತು. ಇವನು ಮಾತ್ರ ನಗುತ್ತಿದ್ದ. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಬೋರ್ಡ್ ನೋಡಿಕೊಂಡೆ. ಏನೂ ಬರದ ಹುಡುಗ ತಪ್ಪನ್ನು ಹೇಗೆ ಹಿಡಿದ?

ಮಾತು ಬಾಯಿಂದ ಹೊರಡಬೇಕಾದರೆ ಉಸಿರು, ಗಂಟಲು, ನಾಲಿಗೆ, ತುಟಿ ಎಲ್ಲದರ ಸ್ನಾಯುಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಬೇಕು. ಸೆರೆಬ್ರಲ್ ಪಾಲ್ಸಿಯಲ್ಲಿ ಮಿದುಳಿನಿಂದ ಈ ಸ್ನಾಯುಗಳಿಗೆ ಹೋಗುವ ಹಿಡಿತವೇ ಏರುಪೇರಾಗಿರುತ್ತದೆ. ಭಾಷೆ ತಿಳಿಯುವುದು ಬೇರೆ, ಅದನ್ನು ಉಚ್ಚರಿಸುವುದು ಬೇರೆ. ಆಟಿಸಂ ಇರುವ ಕೆಲವು ಮಕ್ಕಳಲ್ಲಿ, ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕಾರಣ ಬೇರೆಯಾದರೂ ಕೊನೆಗೆ ಪಾಡು ಇದೇ. ಒಳಗಿರುವುದನ್ನು ಹೊರಗೆ ಹಾಕಲು ದಾರಿ ಇರಲ್ಲ. ದಾರಿ ಇಲ್ಲದ ಮಗುವನ್ನು ನಾವು ಬುದ್ಧಿ ಇಲ್ಲದ ಮಗು ಅಂದುಬಿಡುತ್ತೇವೆ.

ಆ ದಾರಿ ಮಾಡಿಕೊಡುವ ವಿದ್ಯೆಗೆ 'ಪೂರಕ ಮತ್ತು ಪರ್ಯಾಯ ಸಂವಹನ' ಎಂದು ಹೆಸರು. ಇಂಗ್ಲಿಷಿನ ಮೊದಲಕ್ಷರ ಹಿಡಿದು 'ಎಎಸಿ' ಅನ್ನುತ್ತಾರೆ. ಸಿಗುವ ಅಲ್ಪಸ್ವಲ್ಪ ಮಾತಿಗೆ ಬೆಂಬಲ ಕೊಟ್ಟರೆ ಅದು ಪೂರಕ, ಮಾತಿನ ಬದಲಿಗೆ ನಿಂತರೆ ಪರ್ಯಾಯ.

ಇದು ಟ್ಯಾಬ್ ಬಂದ ಮೇಲೆ ಹುಟ್ಟಿದ್ದಲ್ಲ. 1971ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಮಕ್ಕಳ ಶಿಕ್ಷಕಿ ಶರ್ಲಿ ಮೆಕ್‌ನಾಟನ್ ಮತ್ತು ಸಂಗಡಿಗರು, ಚಾರ್ಲ್ಸ್ ಬ್ಲಿಸ್ ಎಂಬಾತ ಬೇರೊಂದು ಉದ್ದೇಶಕ್ಕೆ ರೂಪಿಸಿದ್ದ ಚಿಹ್ನೆಗಳನ್ನು ಹಲಗೆಯ ಮೇಲೆ ಹಾಕಿ ಮಕ್ಕಳ ಮುಂದಿಟ್ಟರು. ಮಕ್ಕಳು ಬೆರಳು ತೋರಿಸಿ ಮಾತಾಡಿದರು. ನಮ್ಮ ದೇಶದಲ್ಲಿ ಕೋಲ್ಕತ್ತದ ಸೆರೆಬ್ರಲ್ ಪಾಲ್ಸಿ ಸಂಸ್ಥೆ, ಚೆನ್ನೈನ ವಿದ್ಯಾ ಸಾಗರ್ ಈ ಕೆಲಸವನ್ನು ದಶಕಗಳಿಂದ ಮಾಡುತ್ತಿವೆ. ಕರ್ನಾಟಕದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಬೆಂಗಳೂರಿನಲ್ಲಿ 1980ರಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಆದರೆ ಆಲೂರಿನ ತೋಟದ ಲೈನಿನಿಂದ ಮೈಸೂರಿಗೆ ಹೋಗಿ ಬರುವುದು ಅಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ.

ಟ್ಯಾಬ್ ಮಾತಾಡುವುದು ಹೇಗೆ?

ದಾನಿಯೊಬ್ಬರು ನಮ್ಮ ಶಾಲೆಗೆ ಒಂದು ಟ್ಯಾಬ್ ಕೊಟ್ಟರು. ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ಬಂದು ಅದಕ್ಕೊಂದು ಆ್ಯಪ್ ಹಾಕಿ ತೋರಿಸಿಕೊಟ್ಟರು. ಪರದೆಯ ಮೇಲೆ ಚೌಕಗಳು. ಒಂದೊಂದರಲ್ಲೂ ಒಂದು ಚಿತ್ರ, ಕೆಳಗೆ ಪದ. ಒತ್ತಿದರೆ ಟ್ಯಾಬ್ ಅದನ್ನು ಉಚ್ಚರಿಸುತ್ತದೆ. ಒಂದರ ಹಿಂದೆ ಒಂದು ಒತ್ತಿದರೆ ವಾಕ್ಯ ಆಗುತ್ತದೆ. 'ಊಟ' ಒತ್ತಿದರೆ ಊಟದ ಪುಟ ತೆರೆಯುತ್ತದೆ, ಅದರೊಳಗೆ ಅನ್ನ, ಸಾರು, ರೊಟ್ಟಿ. ಅಷ್ಟೇ. ಇದರಲ್ಲಿ ಮಾಯಮಂತ್ರ ಏನೂ ಇಲ್ಲ.

ಇಂಥ ಆ್ಯಪ್‌ಗಳು ಈಗ ಹಲವು ಇವೆ. ಚೆನ್ನೈನಲ್ಲಿ ಅಜಿತ್ ನಾರಾಯಣನ್ ರೂಪಿಸಿದ 'ಆವಾಜ್' ಮೊದಲು ಪ್ರತ್ಯೇಕ ಯಂತ್ರವಾಗಿ ಬಂದು ಆಮೇಲೆ ಟ್ಯಾಬ್ ಆ್ಯಪ್ ಆಯಿತು. ಐಐಟಿ ಬಾಂಬೆಯಲ್ಲಿ ತಯಾರಾದ 'ಜೆಲ್ಲೋ' ಉಚಿತ. 'ಸಿಬೋರ್ಡ್' ಎಂಬುದು ಯುನಿಸೆಫ್ ಬೆಂಬಲದಿಂದ ಬೆಳೆದ ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಗೂಗಲ್‌ನ ಕನ್ನಡ ಧ್ವನಿ ಇದೆ. ಒಂದು ಸಲ ವೈಫೈ ಇರುವ ಕಡೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಊರಲ್ಲೂ ನಡೆಯುತ್ತದೆ. ಮಳೆಗಾಲದಲ್ಲಿ ಮೂರು ದಿನ ಟವರ್ ಸತ್ತಿರುವ ನಮ್ಮ ಕಡೆಗೆ ಇದು ದೊಡ್ಡ ವಿಷಯ.

ಯಂತ್ರದ ಧ್ವನಿ ಬೇಡ ಅಂದರೆ ಬಟನ್‌ಗೆ ಸ್ವಂತ ಧ್ವನಿ ರೆಕಾರ್ಡ್ ಮಾಡುವ ಅವಕಾಶ ಹಲವು ಆ್ಯಪ್‌ಗಳಲ್ಲಿದೆ. ನಾನು ಮೊದಲು ನನ್ನ ಧ್ವನಿಯಲ್ಲೇ ಮಾಡಿದೆ. ಎಂಟು ವರ್ಷದ ಹುಡುಗ ಬಟನ್ ಒತ್ತಿದರೆ ಟೀಚರ್ ದನಿ ಬಂತು, ಮಕ್ಕಳೆಲ್ಲ ಕಿಸಕ್ ಅಂದರು. ಆಮೇಲೆ ಅವನ ಚಿಕ್ಕಪ್ಪನ ಮಗನನ್ನು ಕೂರಿಸಿ ರೆಕಾರ್ಡ್ ಮಾಡಿಸಿದೆ. ಈಗ ಅವನ ಮಾತು ಹುಡುಗನ ಮಾತಿನ ಹಾಗೇ ಕೇಳುತ್ತದೆ.

ಅವನ ಕೈ ನಡುಗುತ್ತದೆ. ಒಂದು ಒತ್ತಲು ಹೋದರೆ ಪಕ್ಕದ್ದು ತಗುಲುತ್ತಿತ್ತು. ಒಂದು ಪುಟಕ್ಕೆ ಮೂವತ್ತು ಚೌಕದ ಬದಲು ಎಂಟೇ ಇಟ್ಟೆವು. ಊರಿನ ಬಡಗಿಯಿಂದ ತೆಳು ಪ್ಲೈವುಡ್‌ನಲ್ಲಿ ಎಂಟು ಕಿಟಕಿ ಕೊರೆಸಿ ಪರದೆಯ ಮೇಲೆ ಕಟ್ಟಿದೆವು. ಕೈ ಪ್ಲೈವುಡ್ ಮೇಲೆ ಊರುತ್ತದೆ, ಬೆರಳು ಕಿಟಕಿಯೊಳಗೆ ಮಾತ್ರ ಇಳಿಯುತ್ತದೆ. ಇದನ್ನು ಕಂಪನಿಗಳು ಪ್ಲಾಸ್ಟಿಕ್‌ನಲ್ಲಿ ಮಾಡಿ ಮಾರುತ್ತವೆ. ನಮಗೆ ಒಂದು ಕಾಫಿ ಕುಡಿಸುವುದರಲ್ಲಿ ಆಯಿತು.

ಆನೆ ಯಾವ ಪುಟದಲ್ಲಿರಬೇಕು?

ಆಗಸ್ಟ್‌ನ ಒಂದು ಬೆಳಿಗ್ಗೆ ಅವನು ಬಂದವನೇ ಪ್ರಾಣಿಗಳ ಪುಟ ತೆರೆದು 'ಆನೆ' ಒತ್ತಿದ. ನಾನು "ಹೂಂ, ಆನೆ" ಅಂದೆ. ಮತ್ತೆ ಒತ್ತಿದ. ಮತ್ತೆ ಮತ್ತೆ. 'ಆನೆ, ಆನೆ, ಆನೆ.' ತರಗತಿ ನಡೆಸಲು ಬಿಡುತ್ತಿಲ್ಲ ಅಂತ ನಾನು ಗದರಿ ಟ್ಯಾಬ್ ಎತ್ತಿ ಮೇಜಿನ ಮೇಲಿಟ್ಟೆ. ಸಂಜೆ ಕರೆದುಕೊಂಡು ಹೋಗಲು ಬಂದ ಅಮ್ಮ ಹೇಳಿದರು: "ರಾತ್ರಿ ಹಿತ್ಲಿಗೇ ಬಂದಿತ್ತು ಮಿಸ್. ಬಾಳೆ ಎಲ್ಲ ಮುರಿದು ಹಾಕ್ತು. ಇವನು ಕಿಟಕೀಲಿ ನೋಡ್ತಾ ಇದ್ದ."

ಹುಡುಗ ಊರಿಗೆಲ್ಲ ದೊಡ್ಡ ಸುದ್ದಿ ಹೇಳಲು ಬಂದಿದ್ದ. ನಾನು ಅವನ ಬಾಯಿ ಮುಚ್ಚಿಸಿದ್ದೆ.

ತಪ್ಪು ನನ್ನದು ಮಾತ್ರ ಅಲ್ಲ, ಪುಟದ್ದೂ ಹೌದು. ಆ್ಯಪ್ ಮಾಡಿದವರ ಲೆಕ್ಕದಲ್ಲಿ ಆನೆ ಅಂದರೆ ಮೃಗಾಲಯದಲ್ಲಿ ನೋಡುವ ಪ್ರಾಣಿ. ಹುಲಿ, ಸಿಂಹ, ಜಿರಾಫೆಯ ಪಕ್ಕ ಅದರ ಜಾಗ. ಆಲೂರು, ಸಕಲೇಶಪುರದಲ್ಲಿ ಆನೆ ಅಂದರೆ ರಾತ್ರಿ ಬಾಗಿಲು ತೆಗೆಯಬೇಡ ಅನ್ನುವ ಎಚ್ಚರಿಕೆ. ಗದ್ದೆ ತುಳಿದ ನಷ್ಟ. ಬೆಳಿಗ್ಗೆ ತೋಟದ ದಾರಿಯಲ್ಲಿ ಹೋಗಬಾರದು ಎಂಬ ಮೆಸೇಜು. ಕೆಲವು ಸಲ ಶಾಲೆಗೆ ಹೋಗದಿರಲು ಕಾರಣ. ಕೆಲವು ಮನೆಗಳಲ್ಲಿ ಸಾವು. ಆ ಪದದ ಜೊತೆಗೆ 'ನಿನ್ನೆ', 'ರಾತ್ರಿ', 'ಬಂತು', 'ಹೆದರಿಕೆ' ಇಲ್ಲದಿದ್ದರೆ ಮಗು ಏನು ತಾನೇ ಹೇಳೀತು?

ಭಾಷಾತಜ್ಞರು ಇದನ್ನು ಎರಡು ಗುಂಪು ಮಾಡಿ ಹೇಳುತ್ತಾರೆ. ಬೇಕು, ಬೇಡ, ಹೋಗು, ಬಾ, ನಾನು, ಅದು, ಇನ್ನೂ, ಸಾಕು ಎಂಬಂಥ ಕೆಲವು ನೂರು ಪದಗಳೇ ದಿನದ ಮಾತಿನ ಬಹುಪಾಲು ಇರುತ್ತವೆ. ಇವು ಮೂಲ ಪದಗಳು. ಆನೆ, ಶುಂಠಿ, ಕಡುಬು, ಲೈನ್ ಮನೆ ಇವೆಲ್ಲ ಅವರವರ ಬದುಕಿನ ಪದಗಳು. ನಾವು ಮಾಡುವ ತಪ್ಪು ಏನೆಂದರೆ ಹಣ್ಣು, ತರಕಾರಿ, ಬಣ್ಣ, ಪ್ರಾಣಿ ಅಂತ ಹೆಸರುಗಳನ್ನೇ ತುಂಬಿಸುವುದು. ಹೆಸರು ಹೇಳಿಸುವುದು ಪರೀಕ್ಷೆ, ಅದು ಮಾತುಕತೆ ಅಲ್ಲ. ಯಾವ ಮಗುವೂ ಮನೆಗೆ ಬಂದು 'ಸೇಬು' ಅಂತ ಹೇಳಿ ಸುಮ್ಮನಾಗಲ್ಲ. ಬೇಕು ಅನ್ನುತ್ತೆ, ಬೇಡ ಅನ್ನುತ್ತೆ, ಅವನು ಕಿತ್ಕೊಂಡ ಅಂತ ದೂರು ಹೇಳುತ್ತೆ.

ನಾವು ಅಮ್ಮ, ಅಜ್ಜಿಯನ್ನು ಕೂರಿಸಿಕೊಂಡು ಪಟ್ಟಿ ಮಾಡಿದೆವು. ಮನೆಯ ನಾಯಿಯ ಹೆಸರು, ಓಣಿಯ ಗೆಳೆಯರ ಹೆಸರು, ಆಟೋ ಅಣ್ಣ, ಕೆಂಚಮ್ಮನ ಜಾತ್ರೆ, ಜೋರು ಮಳೆ, ಕರೆಂಟ್ ಹೋಯ್ತು. ಚಿತ್ರಕ್ಕೆ ಟ್ಯಾಬ್‌ನ ಕ್ಯಾಮೆರಾದಲ್ಲೇ ಫೋಟೋ ತೆಗೆದೆವು. ಆನೆಗೆ ಹೊಸದೊಂದು ಪುಟ ಮಾಡಿದೆವು.

'ಇಲ್ಲ', 'ಬೇಡ', 'ಅಲ್ಲ' ಒಂದೇ ಅಲ್ಲ

ಇಂಗ್ಲಿಷಿನಲ್ಲಿ ಯೋಚಿಸಿ ಮಾಡಿದ ಬೋರ್ಡನ್ನು ಕನ್ನಡಕ್ಕೆ ತಿರುಗಿಸಿದರೆ ಏನಾಗುತ್ತದೆ ಅನ್ನುವುದು ನನಗೆ ಕನ್ನಡ ಮೇಡಂ ಆಗಿದ್ದಕ್ಕೆ ಬೇಗ ಕಣ್ಣಿಗೆ ಬಿತ್ತು. 'ನಾನು', 'ನೀರು', 'ಬೇಕು' ಒತ್ತಿದರೆ ಟ್ಯಾಬ್ 'ನಾನು ನೀರು ಬೇಕು' ಅನ್ನುತ್ತಿತ್ತು. ಕನ್ನಡದಲ್ಲಿ ಬೇಕಾಗುವುದು ನನಗೆ. ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡು ಪದದ ರೂಪವನ್ನೇ ಬದಲಿಸುತ್ತದೆ. ಹಾಗಾಗಿ 'ನಾನು', 'ನನಗೆ', 'ನನ್ನ' ಮೂರಕ್ಕೂ ಬೇರೆ ಬೇರೆ ಬಟನ್ ಮಾಡಿದೆವು.

ನಿರಾಕರಣೆಗೆ ಆ ಬೋರ್ಡಿನಲ್ಲಿ ಇದ್ದದ್ದು ಒಂದೇ ಬಟನ್, 'ಇಲ್ಲ'. "ಸಾರು ಹಾಕ್ಲಾ?" ಅಂದರೆ ನಾವು 'ಬೇಡ' ಅನ್ನುತ್ತೇವೆ. "ಇದು ನಿನ್ ಬ್ಯಾಗಾ?" ಅಂದರೆ 'ಅಲ್ಲ'. "ಅಮ್ಮ ಬಂದ್ರಾ?" ಅಂದರೆ 'ಇಲ್ಲ'. ಮೂರನ್ನೂ ಒಂದೇ ಬಟನ್‌ಗೆ ಕಟ್ಟಿದರೆ ಮಗು ಕಲಿಯುವುದು ಯಾರೂ ಆಡದ ಕನ್ನಡ.

ಇನ್ನೊಂದು ದಿನ ಮುಖ್ಯ ಶಿಕ್ಷಕರು ತರಗತಿಗೆ ಬಂದಾಗ ಇವನು 'ನೀನು ಬಾ' ಅಂದುಬಿಟ್ಟ. ಎಲ್ಲರೂ ನಕ್ಕರು, ಅವರೂ ನಕ್ಕರು. ಹುಡುಗ ಮುಖ ಸಣ್ಣದು ಮಾಡಿಕೊಂಡ. ಅವನಿಗೆ ಮರ್ಯಾದೆ ಗೊತ್ತಿರಲಿಲ್ಲ ಅಂತಲ್ಲ, ಮರ್ಯಾದೆಯ ಬಟನ್ ನಾವು ಕೊಟ್ಟಿರಲಿಲ್ಲ. ಅವತ್ತೇ 'ನೀವು', 'ಬನ್ನಿ' ಸೇರಿಸಿದೆವು. ತೋಟದ ಲೈನುಗಳಲ್ಲಿ ತಮಿಳು, ತುಳು ಮನೆಮಾತಿನವರಿದ್ದಾರೆ, ಈಗ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳೂ ಇವೆ. ಅಂಥ ಮನೆಯ ಮಗುವಾದರೆ ಶಾಲೆಗೆ ಒಂದು ಪುಟ, ಮನೆಗೆ ಒಂದು ಪುಟ ಬೇಕಾಗುತ್ತದೆ. ಅಜ್ಜಿಗೆ ಅರ್ಥವಾಗದ ಭಾಷೆಯಲ್ಲಿ ಟ್ಯಾಬ್ ಎಷ್ಟು ಚೆನ್ನಾಗಿ ಮಾತಾಡಿದರೂ ಏನು ಪ್ರಯೋಜನ?

'ಇದು ಸಿಕ್ಕಿದ್ರೆ ಬಾಯಿ ಬಿಡೋದೇ ಇಲ್ಲ' ಎಂಬ ಭಯ

ಅಪ್ಪ ಅಮ್ಮಂದಿರು ಮೊದಲು ಕೇಳುವ ಪ್ರಶ್ನೆ ಇದೇ. ಯಂತ್ರವೇ ಮಾತಾಡಿದರೆ ಮಗು ಸೋಮಾರಿ ಆಗಲ್ವಾ, ಬರುವ ಮಾತೂ ನಿಂತುಹೋಗಲ್ವಾ?

ಈ ಪ್ರಶ್ನೆಯನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಎಂಬ ಮೂವರು 2006ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗಟ್ಟಿ ಪುರಾವೆ ಇದ್ದ 27 ಪ್ರಕರಣಗಳಲ್ಲಿ ಒಂದರಲ್ಲೂ ಬಾಯಿಮಾತು ಕಡಿಮೆಯಾಗಿರಲಿಲ್ಲ. ಶೇ. 89ರಷ್ಟು ಪ್ರಕರಣಗಳಲ್ಲಿ ಸ್ವಲ್ಪವಾದರೂ ಹೆಚ್ಚಿತ್ತು, ಉಳಿದವರಲ್ಲಿ ಇದ್ದ ಹಾಗೇ ಇತ್ತು. ಹೆಚ್ಚಿದ್ದು ತುಂಬಾ ಅಲ್ಲ, ಆದರೆ ನಷ್ಟವಂತೂ ಇಲ್ಲ. ಮಾತಾಡಿದರೆ ಕೆಲಸ ಆಗುತ್ತದೆ ಅಂತ ಗೊತ್ತಾದ ಮಗು ಎಲ್ಲ ದಾರಿಯಲ್ಲೂ ಮಾತಾಡಲು ನೋಡುತ್ತದೆ.

ಆದರೆ ಟ್ಯಾಬ್ ಕೈಗೆ ಕೊಟ್ಟ ಕೂಡಲೇ ಮಗು ಮಾತಾಡಲ್ಲ. ಹುಟ್ಟಿದ ಮಗುವಿನ ಜೊತೆ ನಾವು ಒಂದು ವರ್ಷ ಮಾತಾಡಿದ ಮೇಲೆ ಅದು 'ಅಮ್ಮ' ಅನ್ನುವುದು. ಇಲ್ಲೂ ಹಾಗೇ. ಮೊದಲು ದೊಡ್ಡವರು ಬಟನ್ ಒತ್ತಿಕೊಂಡು ಮಾತಾಡಬೇಕು. "ನೀರು ಬೇಕಾ?" ಅಂತ ಬಾಯಲ್ಲಿ ಕೇಳುತ್ತಾ 'ನೀರು', 'ಬೇಕು' ಒತ್ತಿ ತೋರಿಸಬೇಕು. ಮಗು ಒತ್ತಲಿ ಅಂತ ಕೈ ಹಿಡಿದು ಒತ್ತಿಸಬಾರದು. ಕೇಳಿದ ಮೇಲೆ ಕಾಯಬೇಕು. ನಾನು ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ನಲವತ್ತು ಮಕ್ಕಳ ತರಗತಿಯಲ್ಲಿ ಹತ್ತು ಎಣಿಸುವುದು ಎಷ್ಟು ಕಷ್ಟ ಅನ್ನುವುದು ಪಾಠ ಮಾಡಿದವರಿಗೆ ಗೊತ್ತು. ಬಟನ್‌ಗಳ ಜಾಗವನ್ನೂ ಪದೇಪದೇ ಬದಲಿಸಬಾರದು. ಕತ್ತಲಲ್ಲಿ ಸ್ವಿಚ್ ಹುಡುಕುವ ನಮ್ಮ ಕೈಯ ಹಾಗೆ ಅವರ ಬೆರಳೂ ಜಾಗ ನೆನಪಿಟ್ಟುಕೊಂಡಿರುತ್ತದೆ.

ಪಾಠಕ್ಕೂ ಇದು ಬೇಕು. ಮಾತು ಸಿಕ್ಕ ಮೇಲೆಯೇ ಅವನಿಗೆ ಎಷ್ಟು ಬರುತ್ತದೆ ಅಂತ ನಮಗೆ ತಿಳಿದದ್ದು. ಅಂಕಿಗಳ ಪುಟದಿಂದ ಉತ್ತರ ಒತ್ತುತ್ತಾನೆ. ಕಥೆ ಹೇಳಿ "ಆಮೇಲೆ?" ಅಂದರೆ ಮುಂದಿನ ಚಿತ್ರ ತೋರಿಸುತ್ತಾನೆ. ಪ್ರಶ್ನೆಪತ್ರಿಕೆಯನ್ನು ಹೌದು–ಅಲ್ಲ, ಆರಿಸಿ ತೋರಿಸು ಎಂಬ ರೀತಿಗೆ ತಿರುಗಿಸಿದೆವು. ಲೆಕ್ಕದಲ್ಲಿ ಅವನು ತರಗತಿಯ ಮುಂದಿನ ಸಾಲಿನಲ್ಲಿದ್ದಾನೆ.

ಬೇರೆ ಮಕ್ಕಳಿಗೂ ಇದೇ ಟ್ಯಾಬ್‌ನಲ್ಲಿ ಉಪಾಯಗಳಿವೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ 'ಟಾಕ್‌ಬ್ಯಾಕ್' ಆಂಡ್ರಾಯ್ಡ್ ಜೊತೆಗೇ ಬರುತ್ತದೆ. ಮಂದದೃಷ್ಟಿಯವರಿಗೆ ಅಕ್ಷರ ದೊಡ್ಡದು ಮಾಡಬಹುದು. ಕಿವಿ ಕೇಳದವರಿಗೆ ಆಡಿದ ಮಾತನ್ನು ಅಕ್ಷರವಾಗಿ ತೋರಿಸುವ ಆ್ಯಪ್ ಇದೆ. ಇಲ್ಲೂ ಒಂದು ಕನ್ನಡದ ತೊಡಕಿದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್ ನಮ್ಮ ಕಣ್ಣಿಗೆ ಕನ್ನಡ, ಓದುವ ತಂತ್ರಾಂಶಕ್ಕೆ ಬರೀ ಗೊಜಲು. ಮಕ್ಕಳಿಗೆ ನೋಟ್ಸ್ ಟೈಪ್ ಮಾಡುವ ಶಿಕ್ಷಕರು ಯೂನಿಕೋಡ್‌ನಲ್ಲೇ ಮಾಡಿದರೆ ಖರ್ಚಿಲ್ಲದೆ ದೊಡ್ಡ ಉಪಕಾರ.

ಹಾಗಾದರೆ ಬೀಗ ಯಾಕೆ?

ಟ್ಯಾಬ್ ಶಾಲೆಗೆ ಬಂದ ದಿನವೇ ದಾಸ್ತಾನು ಪುಸ್ತಕದಲ್ಲಿ ನಮೂದಾಯಿತು. ನಮೂದಾದ ವಸ್ತು ಕಳೆದರೆ, ಒಡೆದರೆ ಯಾರು ಹೊಣೆ? ಆಡಿಟ್‌ನವರು ಕೇಳಿದರೆ ಏನು ಹೇಳುವುದು? "ಮನೆಗೆ ಕಳಿಸ್ಬೇಡಿ ಮೇಡಂ, ಹೆಚ್ಚುಕಮ್ಮಿ ಆದ್ರೆ ನಿಮ್ ಸಂಬಳದಲ್ಲಿ ಹಿಡೀತಾರೆ" ಅಂದರು ಹಿರಿಯ ಸಹೋದ್ಯೋಗಿಯೊಬ್ಬರು. ಅವರು ಕೆಟ್ಟವರಲ್ಲ. ಸರ್ಕಾರಿ ನೌಕರಿಯಲ್ಲಿ ವಸ್ತು ಹಾಳಾದರೆ ನೋಟಿಸ್ ಬರುತ್ತದೆ, ವಸ್ತು ಬಳಕೆಯಾಗದೆ ಬಿದ್ದಿದ್ದರೆ ಯಾರೂ ಕೇಳಲ್ಲ. ಈ ಲೆಕ್ಕ ನಮಗೆಲ್ಲ ಚೆನ್ನಾಗಿ ಗೊತ್ತು. ನಾನೂ ಸಂಜೆ ನಾಲ್ಕೂಕಾಲಿಗೆ ಟ್ಯಾಬ್ ಒರೆಸಿ ಒಳಗಿಟ್ಟು ಬೀಗ ಹಾಕುತ್ತಿದ್ದೆ. ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ, ದಸರಾ ರಜೆ ಪೂರ್ತಿ ಅವನು ಮೂಕ.

ಕನ್ನಡಕದ ಉದಾಹರಣೆ ತೆಗೆದುಕೊಳ್ಳಿ. ಶಾಲೆಯಲ್ಲಿ ಕೊಟ್ಟ ಕನ್ನಡಕವನ್ನು ಸಂಜೆ ಕಿತ್ತಿಟ್ಟುಕೊಂಡು ಮಗುವನ್ನು ಮನೆಗೆ ಕಳಿಸುತ್ತೇವಾ? ಊರುಗೋಲನ್ನು ಬೀರುವಿನಲ್ಲಿ ಇಡುತ್ತೇವಾ? ಟ್ಯಾಬ್ ಎಂಬ ವಸ್ತುವಿಗೆ ಬೆಲೆ ಜಾಸ್ತಿ, ಅದರಲ್ಲಿ ಸಿನಿಮಾನೂ ನೋಡಬಹುದು, ಅದಕ್ಕೇ ನಮಗೆ ಅದು ಐಷಾರಾಮಿ ಅನ್ನಿಸುತ್ತದೆ. ಅವನಿಗೆ ಅದು ನಾಲಿಗೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 'ಸಂವಹನ' ಎಂಬ ಪದದ ವ್ಯಾಖ್ಯೆಯಲ್ಲೇ ಪೂರಕ ಮತ್ತು ಪರ್ಯಾಯ ವಿಧಾನಗಳನ್ನು ಸೇರಿಸಿದೆ. ಅದರ 17ನೇ ಕಲಂ, ಮಾತಿನ ತೊಂದರೆ ಇರುವವರ ದಿನನಿತ್ಯದ ಸಂವಹನಕ್ಕೆ ಈ ವಿಧಾನಗಳನ್ನು ಉತ್ತೇಜಿಸಬೇಕು ಎನ್ನುತ್ತದೆ. ಗಮನಿಸಿ, ದಿನನಿತ್ಯದ ಸಂವಹನ ಶಾಲೆಯ ಗಂಟೆ ಹೊಡೆದಾಗ ಮುಗಿಯುವುದಿಲ್ಲ. ಶೇ. 40 ಅಥವಾ ಹೆಚ್ಚಿನ ವೈಕಲ್ಯ ಇರುವ ಮಕ್ಕಳಿಗೆ 18 ವರ್ಷದವರೆಗೆ ಸೂಕ್ತ ಸಾಧನಗಳನ್ನು ಉಚಿತವಾಗಿ ಕೊಡಬೇಕು ಎಂದೂ ಅದೇ ಕಲಂ ಹೇಳುತ್ತದೆ. 31ನೇ ಕಲಂ ಪ್ರಕಾರ 6ರಿಂದ 18 ವರ್ಷದ ಇಂಥ ಮಗುವಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾನು ಬಯಸುವ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಹಕ್ಕು.

ಕಾಗದದ ಮೇಲೆ ಹಣವೂ ಇದೆ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವಿರುವ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶವಿದೆ. ಸಾಧನ, ಚಿಕಿತ್ಸೆ, ಕಲಿಕಾ ಸಾಮಗ್ರಿ ಎಲ್ಲವೂ ಅದರೊಳಗೇ ಆಗಬೇಕು. ಜನರ ವಿಷಯಕ್ಕೆ ಬಂದರೆ, 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬ, ಮುಂದಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂದಿತು. ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು ಬೆಟ್ಟಗುಡ್ಡದ ತಾಲ್ಲೂಕಿನ ಅಷ್ಟೂ ಶಾಲೆಗಳನ್ನು ಸುತ್ತಬೇಕು. ಅವರು ನಮ್ಮಲ್ಲಿಗೆ ಬರುವ ದಿನ ನಮಗೆ ಹಬ್ಬ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನಕ್ಕೆ ಒಂದಲ್ಲ ಒಂದು ನೆರವಿನ ಸಾಧನ ಬೇಕು, ಸುಮಾರು 100 ಕೋಟಿ ಜನಕ್ಕೆ ಅದು ಸಿಗುತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರ ವರದಿಯಲ್ಲಿ ಹೇಳಿವೆ. ನಮ್ಮ ಹುಡುಗನಿಗೆ ಸಾಧನ ಸಿಕ್ಕಿತ್ತು. ಆದರೂ ಆ ಎರಡು ರಾತ್ರಿ ಅವನು ಸಿಗದವರ ಲೆಕ್ಕದಲ್ಲೇ ಇದ್ದ. ಟ್ಯಾಬ್ ಕೊಟ್ಟ ಕೂಡಲೇ 'ತಲುಪಿದೆ' ಎಂದು ಬರೆದುಕೊಳ್ಳುವ ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಏನು ಮಾಡಬಹುದು?

ನಾವು ಮಾಡಿದ್ದು ಸಣ್ಣ ಸಣ್ಣ ಕೆಲಸ. ರಜೆ ಮುಗಿದ ಮೇಲೆ ವಿಷಯವನ್ನು ಎಸ್‌ಡಿಎಂಸಿ ಸಭೆಗೆ ತಂದೆವು. ಕಿವಿಯ ಕಥೆಯನ್ನು ಅಮ್ಮನೇ ಹೇಳಿದರು, ನಾನು ಏನೂ ಸೇರಿಸಲಿಲ್ಲ. ಟ್ಯಾಬ್ ಆ ವಿದ್ಯಾರ್ಥಿಯ ದಿನಪೂರ್ತಿ ಬಳಕೆಗೆ, ಮನೆಗೂ ಕೊಡುವುದು ಎಂದು ನಡಾವಳಿ ಬರೆದು ಸದಸ್ಯರೆಲ್ಲ ಸಹಿ ಹಾಕಿದರು. ದಾಸ್ತಾನು ಪುಸ್ತಕದಲ್ಲಿ ಅದರ ಪಕ್ಕ 'ವಿದ್ಯಾರ್ಥಿಯ ಬಳಕೆಯಲ್ಲಿದೆ' ಎಂದು ಬರೆದು ತಾಯಿಯ ಸಹಿ ಪಡೆದೆವು. ಹೊಣೆ ಒಬ್ಬರ ತಲೆಯಿಂದ ಇಳಿದು ಎಲ್ಲರದ್ದೂ ಆಯಿತು. ಇದನ್ನೇ ಇಲಾಖೆ ಒಂದು ಸುತ್ತೋಲೆಯಲ್ಲಿ ಹೇಳಿದರೆ ರಾಜ್ಯದ ಎಷ್ಟೋ ಬೀರುಗಳ ಬೀಗ ತೆರೆಯುತ್ತದೆ: ಮಗುವಿನ ಸಂವಹನ ಸಾಧನ ಮಗುವಿನ ಜೊತೆಗೇ ಇರತಕ್ಕದ್ದು, ಸಹಜ ಬಳಕೆಯಲ್ಲಿ ಕೆಟ್ಟರೆ ಶಿಕ್ಷಕರು ಹೊಣೆಯಲ್ಲ.

ಎರಡನೆಯದು, ಪರದೆಯ ಪುಟಗಳ ಸ್ಕ್ರೀನ್‌ಶಾಟ್ ತೆಗೆದು ಆಲೂರು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದೆವು. ಒಂದು ಮನೆಯಲ್ಲಿ, ಒಂದು ಬ್ಯಾಗಿನಲ್ಲಿ, ಒಂದು ಊಟದ ಜಾಗದಲ್ಲಿ. ಚಾರ್ಜ್ ಇಲ್ಲದಿದ್ದರೆ, ಮಳೆಯಲ್ಲಿ ಟ್ಯಾಬ್ ಹೊರಗೆ ತೆಗೆಯಲು ಆಗದಿದ್ದರೆ ಅದರ ಮೇಲೆ ಬೆರಳು ತೋರಿಸುತ್ತಾನೆ. ಅದು ಶಬ್ದ ಮಾಡಲ್ಲ, ಆದರೆ ಆರಿಹೋಗುವುದೂ ಇಲ್ಲ. ನಿಮ್ಮ ಶಾಲೆಗೆ ಟ್ಯಾಬ್ ಬರುವವರೆಗೆ ಕಾಯಬೇಕಿಲ್ಲ, ಇದನ್ನು ನಾಳೆಯೇ ಮಾಡಬಹುದು. ನಿಜ ಹೇಳಬೇಕೆಂದರೆ ಈ ಹಾಳೆಯನ್ನು ನಾನು ದಸರಾಕ್ಕೆ ಮುಂಚೆಯೇ ಮಾಡಬೇಕಿತ್ತು.

ಮೂರನೆಯದು, ಮಾತಿನ ಟ್ಯಾಬ್‌ನಲ್ಲಿ ಯೂಟ್ಯೂಬ್ ಬೇಡ. ಪರದೆಯನ್ನು ಒಂದೇ ಆ್ಯಪ್‌ಗೆ ಪಿನ್ ಮಾಡುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ. ಆದರೆ ಮಗು ತಪ್ಪು ಮಾಡಿದಾಗ ಶಿಕ್ಷೆಯೆಂದು ಟ್ಯಾಬ್ ಕಿತ್ತುಕೊಳ್ಳಬಾರದು. ನಾನು ಆನೆಯ ದಿನ ಮಾಡಿದ್ದು ಅದನ್ನೇ. ಗಲಾಟೆ ಮಾಡುವ ಬೇರೆ ಮಕ್ಕಳಿಗೆ ಬಾಯಿ ಮುಚ್ಚು ಅನ್ನುತ್ತೇವೆ, ಬಾಯಿಯನ್ನೇ ಕಿತ್ತು ಮೇಜಿನ ಮೇಲಿಡಲ್ಲ.

ನಾಲ್ಕನೆಯದು ಪೋಷಕರಿಗೆ. ಯುಡಿಐಡಿ ಕಾರ್ಡ್ ಮಾಡಿಸಿ, ಸೌಲಭ್ಯಗಳಿಗೆಲ್ಲ ಅದೇ ಬಾಗಿಲು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ. ಒಮ್ಮೆಯಾದರೂ ವಾಕ್ ಮತ್ತು ಶ್ರವಣ ತಜ್ಞರಿಗೆ ತೋರಿಸಿ. ಯಾವ ಮಗುವಿಗೆ ಯಾವ ಬೋರ್ಡ್ ಅನ್ನುವುದನ್ನು ಅವರು ಪರೀಕ್ಷಿಸಿ ಹೇಳಿದರೆ ನಮ್ಮ ಹಾಗೆ ತಡಕಾಡುವುದು ತಪ್ಪುತ್ತದೆ.

ಟ್ಯಾಬ್ ಮನೆಗೆ ಹೋಗಲು ಶುರುವಾಗಿ ಒಂದು ವಾರಕ್ಕೆ ಅಜ್ಜಿ ಶಾಲೆಗೇ ಬಂದರು, ದೂರು ಹಿಡಿದುಕೊಂಡು. "ಇಷ್ಟ್ ದಿನ ಕೊಟ್ಟಿದ್ದು ತಿಂತಿದ್ದ ಕಣವ್ವ. ಈಗ ಉಪ್ಪಿಟ್ಟು ಬೇಡ, ರೊಟ್ಟಿ ಬೇಕು ಅಂತಾನೆ. ದಿನಾ ಇದೇ ಆಗೋಯ್ತು." ಪಕ್ಕದಲ್ಲಿ ಕೂತಿದ್ದ ಹುಡುಗ ಟ್ಯಾಬ್ ಎಳೆದುಕೊಂಡು ಇನ್ನೊಮ್ಮೆ ಒತ್ತಿದ: 'ಉಪ್ಪಿಟ್ಟು. ಬೇಡ.'

ನಿಮ್ಮ ಊರಿನ ಶಾಲೆಗೆ ಒಮ್ಮೆ ಹೋಗಿ ಕೇಳಿ. ಇಂಥ ಎಷ್ಟು ಮಕ್ಕಳಿದ್ದಾರೆ, ಎಷ್ಟು ಟ್ಯಾಬ್ ಬಂದಿವೆ, ಬೀರುವಿನ ಕೀಲಿ ಯಾರ ಹತ್ತಿರ ಇದೆ? ಜಗಳಕ್ಕೆ ಹೋಗಬೇಡಿ, ಕೀಲಿ ಇಟ್ಟುಕೊಂಡವರೂ ನನ್ನ ಹಾಗೆ ಹೆದರಿದವರೇ ಇರುತ್ತಾರೆ. ಅವರ ಜೊತೆ ಕೂತು ಒಂದು ನಡಾವಳಿ ಬರೆಸಿ. ಮುಂದಿನ ರಜೆ ಬರುವುದರೊಳಗೆ.